ಮಾರುಕಟ್ಟೆಗೆ ಬಾರದ ಆಟದ ಜಾಡು: ಪ್ರೊಟೊಟೈಪ್ ಕಾರ್ಟ್ರಿಜ್ ಹುಡುಕುವುದು ಹೇಗೆ?

1991ರ ಜನವರಿಯಲ್ಲಿ ಲಾಸ್ ವೇಗಸ್‌ನ ಕನ್ಸ್ಯೂಮರ್ ಎಲೆಕ್ಟ್ರಾನಿಕ್ಸ್ ಶೋದಲ್ಲಿ ನಿಂಟೆಂಡೊ ಕಂಪನಿ ತನ್ನ 8 ಬಿಟ್‌ನ ವಿಡಿಯೊ ಗೇಮ್ ಯಂತ್ರ ಎನ್‌ಇಎಸ್‌ಗೆಂದು ಸಿದ್ಧಪಡಿಸುತ್ತಿದ್ದ, ನಗರ ಕಟ್ಟುವ ಆಟ 'ಸಿಮ್‌ಸಿಟಿ'ಯನ್ನು ಪ್ರದರ್ಶಿಸಿತ್ತು. ಅದೇ ವರ್ಷ ಅದರ ಮುಂದಿನ ಪೀಳಿಗೆಯ ಯಂತ್ರವಾದ ಸೂಪರ್ ಎನ್‌ಇಎಸ್‌ನ 'ಸಿಮ್‌ಸಿಟಿ' ಅಂಗಡಿಗೆ ಬಂತು, ಗೆದ್ದಿತು. ಎನ್‌ಇಎಸ್ ಆವೃತ್ತಿಯನ್ನು ಕಂಪನಿ ಸದ್ದಿಲ್ಲದೆ ಕೈಬಿಟ್ಟಿತು. ಆಮೇಲೆ ಕಾಲು ಶತಮಾನ ಅದು ಉಳಿದಿದ್ದು ಹಳೆಯ ನಿಯತಕಾಲಿಕಗಳ ಚಿತ್ರಗಳಲ್ಲಿ ಮಾತ್ರ. 2017ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ರೆಟ್ರೊ ಗೇಮಿಂಗ್ ಎಕ್ಸ್‌ಪೋದಲ್ಲಿ ಅದರ ಎರಡು ಪ್ರೊಟೊಟೈಪ್ ಕಾರ್ಟ್ರಿಜ್‌ಗಳು, ಅಂದರೆ ಬಿಡುಗಡೆಗೆ ಮುನ್ನ ಮಾಡಿದ ಮಾದರಿ ಆಟದ ಪೆಟ್ಟಿಗೆಗಳು, ಬೆಳಕಿಗೆ ಬಂದವು. ಮರುವರ್ಷ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ಅದರೊಳಗಿನ ದತ್ತಾಂಶವನ್ನು ಎಲ್ಲರ ಮುಂದಿಟ್ಟಿತು.

ಹೊರಗಿನವರ ಕಣ್ಣಿಗೆ ಇದು ಅದೃಷ್ಟ. ಆದರೆ ಇಂಥದೊಂದು ಆಟ ಇತ್ತು, ಯಾವ ವರ್ಷ ಎಲ್ಲಿ ತೋರಿಸಿದರು, ಅದು ಎಷ್ಟು ಮುಗಿದಿತ್ತು ಎಂಬುದನ್ನೆಲ್ಲ ಯಾರೋ ಮೊದಲೇ ಬರೆದಿಟ್ಟಿದ್ದರಿಂದಲೇ ಆ ಕಾರ್ಟ್ರಿಜ್‌ಗೆ ಬೆಲೆ ಬಂತು. ಈ ಹವ್ಯಾಸದ ಮುಕ್ಕಾಲು ಪಾಲು ಕಾಗದ ಮತ್ತು ಜನರ ಜಾಡು ಹಿಡಿಯುವ ಕೆಲಸ. ಕಾರ್ಟ್ರಿಜ್ ಕೈಗೆ ಬರುವುದು ಕೊನೆಯಲ್ಲಿ, ಅದೂ ಬಂದರೆ. ಹರಾಜು ತಾಣದಲ್ಲಿ ದಿನವಿಡೀ ಕಣ್ಣು ನೆಟ್ಟು ಕೂರುವವರಿಗಿಂತ ಗ್ರಂಥಾಲಯದಲ್ಲಿ ಕೂತವರೇ ಹೆಚ್ಚು ಪತ್ತೆ ಮಾಡಿದ್ದಾರೆ ಎಂಬುದು ನನ್ನ ಅನಿಸಿಕೆ. ಈ ಮಾರ್ಗದರ್ಶಿಯ ಹೆಜ್ಜೆಗಳೂ ಅದೇ ಕ್ರಮದಲ್ಲಿವೆ.

ಹೆಜ್ಜೆ 1: ಆಟ ನಿಜವಾಗಿ ಇತ್ತೇ ಎಂದು ತಿಳಿದುಕೊಳ್ಳಿ

ಘೋಷಣೆಯಾದ ಆಟಗಳೆಲ್ಲ ತಯಾರಾಗಿರಲಿಲ್ಲ. ಎಷ್ಟೋ ಹೆಸರುಗಳು ಜಾಹೀರಾತಿನಲ್ಲಿ ಹುಟ್ಟಿ ಅಲ್ಲೇ ಸತ್ತವು. ಆದ್ದರಿಂದ ಒಂದು ಆಟವನ್ನು ಆರಿಸಿಕೊಂಡು ಅದರ ಮೇಲೆ ಕಡತ ತೆರೆಯಿರಿ. 'ಯಾವುದಾದರೂ ಪ್ರೊಟೊಟೈಪ್ ಸಿಕ್ಕರೆ ಸಾಕು' ಎಂದು ಹೊರಟವರಿಗೆ ಸಿಗುವುದು ಹೆಚ್ಚಾಗಿ ನಕಲಿ ಮಾಲು.

ಮೊದಲು ನೋಡಬೇಕಾದದ್ದು ಆ ಕಾಲದ ನಿಯತಕಾಲಿಕಗಳು. ಅಮೆರಿಕದ ನಿಂಟೆಂಡೊ ಪವರ್, ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ, ಗೇಮ್‌ಪ್ರೊ, ಜಪಾನಿನ ಫಾಮಿತ್ಸು ಇವುಗಳಲ್ಲಿ ಬಹಳಷ್ಟು ಸಂಚಿಕೆಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ರೂಪದಲ್ಲಿವೆ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2025ರ ಜನವರಿಯಲ್ಲಿ ತನ್ನ ಡಿಜಿಟಲ್ ಗ್ರಂಥಾಲಯವನ್ನು ತೆರೆದಿದೆ. ಅಲ್ಲಿ ಪುಟದೊಳಗಿನ ಪದಗಳನ್ನೇ ಹುಡುಕಬಹುದು. ಬೆಂಗಳೂರಿನ ಮನೆಯಲ್ಲಿ ಕುಳಿತೇ ಈ ಹೆಜ್ಜೆಯನ್ನು ಮುಗಿಸಬಹುದು ಎಂದಾಯಿತು.

ಪುಟ ಸಿಕ್ಕ ಮೇಲೆ ಅದನ್ನು ಓದುವ ಕ್ರಮವೊಂದಿದೆ. ಬರೀ ಹೆಸರು ಮತ್ತು ಬಣ್ಣದ ಚಿತ್ರವಿದ್ದರೆ ಅದು ದುರ್ಬಲ ಸಾಕ್ಷಿ. ಒಂದೇ ಒಂದು ಪರದೆಯ ಚಿತ್ರ ಹತ್ತು ಕಡೆ ಮರುಮುದ್ರಣಗೊಂಡಿದ್ದರೆ ಅದೂ ದುರ್ಬಲವೇ. ಕಲಾವಿದರು ಕೈಯಿಂದ ರಚಿಸಿದ ಮಾದರಿ ಚಿತ್ರವಿರಬಹುದು. ಬೇರೆ ಬೇರೆ ಪತ್ರಿಕೆಗಳಲ್ಲಿ ಬೇರೆ ಬೇರೆ ಹಂತಗಳ ಚಿತ್ರಗಳಿದ್ದರೆ, ಅಂಕಗಳೂ ಜೀವಗಳೂ ಬದಲಾಗುತ್ತಿದ್ದರೆ, ಆಡಬಲ್ಲ ಪ್ರತಿ ಇತ್ತು ಎಂದುಕೊಳ್ಳಬಹುದು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ವಿಮರ್ಶೆ. ಬಿಡುಗಡೆಯಾಗದ ಆಟಕ್ಕೆ ಅಂಕ ಕೊಟ್ಟು ವಿಮರ್ಶೆ ಪ್ರಕಟವಾಗಿದ್ದರೆ ಆ ಪತ್ರಿಕೆಯ ಕಚೇರಿಗೆ ಹೆಚ್ಚುಕಡಿಮೆ ಮುಗಿದ ಕಾರ್ಟ್ರಿಜ್ ಹೋಗಿತ್ತು ಎಂದೇ ಅರ್ಥ.

ಪತ್ರಿಕೆಗಳ ಆಚೆಗೂ ದಾಖಲೆಗಳಿವೆ. ಅಮೆರಿಕದಲ್ಲಿ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಸಂಸ್ಥೆ ಶುರುವಾದದ್ದು 1994ರಲ್ಲಿ. ಅನಂತರದ ಆಟವಾದರೆ ಅದರ ಪಟ್ಟಿಯನ್ನು ನೋಡಿ. ಟ್ರೇಡ್‌ಮಾರ್ಕ್ ಅರ್ಜಿಗಳು ಕೈಬಿಟ್ಟ ಹೆಸರುಗಳನ್ನೂ ಉಳಿಸಿಕೊಂಡಿರುತ್ತವೆ. ಅನ್‌ಸೀನ್64, ಲಾಸ್ಟ್ ಲೆವೆಲ್ಸ್, ಅಟಾರಿ ಪ್ರೊಟೋಸ್, ಹಿಡನ್ ಪ್ಯಾಲೆಸ್ ತಾಣಗಳಲ್ಲಿ ನಿಮ್ಮ ಆಟದ ಬಗ್ಗೆ ಈಗಾಗಲೇ ಯಾರು ಏನು ಕಂಡಿದ್ದಾರೆ ಎಂದು ಓದಿ. ಬೇರೆಯವರು ಮುಗಿಸಿದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡುವುದು ಈ ಹವ್ಯಾಸದಲ್ಲಿ ಅತ್ಯಂತ ಸಾಮಾನ್ಯ.

ಹುಸಿ ಸುದ್ದಿಗೂ ಸಿದ್ಧರಾಗಿರಿ. ಸೇಟಾ ಕಂಪನಿಯ 'ಬಯೋ ಫೋರ್ಸ್ ಏಪ್' ಎಂಬ ಆಟದ ಕಾರ್ಟ್ರಿಜ್ ತನ್ನಲ್ಲಿದೆ ಎಂದು 2005ರಲ್ಲಿ ಒಬ್ಬರು ಹೇಳಿಕೊಂಡು, ಕೋತಿ ಬೆಣ್ಣೆ ಮಾಡುವ ಅಸಂಬದ್ಧ ಚಿತ್ರಗಳನ್ನು ಹರಿಯಬಿಟ್ಟಿದ್ದರು. ಅದು ಪೂರ್ತಿ ತಮಾಷೆ. ನಿಜವಾದ ಪ್ರೊಟೊಟೈಪ್ ಜಪಾನಿನ ಹರಾಜು ತಾಣದಲ್ಲಿ ಕಾಣಿಸಿಕೊಂಡದ್ದು 2010ರಲ್ಲಿ. ನಡುವಿನ ವರ್ಷಗಳಲ್ಲಿ ಆ ತಮಾಷೆಯನ್ನೇ ನಂಬಿ ಬರೆದವರ ಪುಟಗಳು ಇನ್ನೂ ಅಲ್ಲಲ್ಲಿ ತೇಲುತ್ತಿವೆ.

ಹೆಜ್ಜೆ 2: ಪ್ರತಿಗಳು ಯಾರ ಕೈಗೆ ಹೋಗಿದ್ದವು?

ಒಂದು ಆಟಕ್ಕೆ ಒಂದೇ ಪ್ರೊಟೊಟೈಪ್ ಇರುವುದಿಲ್ಲ. ಪ್ರೋಗ್ರಾಮ್ ಬರೆದವರ ಮೇಜಿನ ಮೇಲೆ ಕೆಲವು, ದೋಷ ಹುಡುಕುವ ಪರೀಕ್ಷಕರ ಬಳಿ ಕೆಲವು, ಯಂತ್ರದ ಮಾಲೀಕ ಕಂಪನಿಯ ಅನುಮತಿಗೆ ಕಳುಹಿಸಿದವು ಕೆಲವು, ವ್ಯಾಪಾರ ಮೇಳದ ಮಳಿಗೆಗೆ, ಪತ್ರಿಕೆಗಳಿಗೆ, ದೊಡ್ಡ ಅಂಗಡಿಗಳ ಖರೀದಿ ಅಧಿಕಾರಿಗಳಿಗೆ ತೋರಿಸಲು ಮಾರಾಟ ಪ್ರತಿನಿಧಿಗಳಿಗೆ ಇನ್ನು ಕೆಲವು. ಅನುಮತಿಗೆ ಹೋದವು ಸಾಮಾನ್ಯವಾಗಿ ಕಂಪನಿಯೊಳಗೇ ಉಳಿದವು ಅಥವಾ ನಾಶವಾದವು. ಪತ್ರಿಕೆಗಳಿಗೆ, ಮಾರಾಟ ಪ್ರತಿನಿಧಿಗಳಿಗೆ ಹೋದ ಪ್ರತಿಗಳನ್ನು ಮರಳಿ ಕೇಳುವ ಶಿಸ್ತು ಎಲ್ಲರಿಗೂ ಇರಲಿಲ್ಲ. ನಮ್ಮ ಆಸೆ ನಿಂತಿರುವುದೇ ಆ ಅಶಿಸ್ತಿನ ಮೇಲೆ.

ಕಡತದ ಒಂದು ಪುಟದಲ್ಲಿ ಈ ದಾರಿಗಳನ್ನೆಲ್ಲ ಬರೆದು, ಪ್ರತಿಯೊಂದರ ಎದುರಿಗೆ ಸಿಗಬಹುದಾದ ಊರನ್ನು ಗುರುತು ಮಾಡಿ. ಊರು ಮುಖ್ಯ. ಅಟಾರಿ ಸನಿವೇಲ್‌ನಲ್ಲಿತ್ತು, ಸೆಗಾ ಆಫ್ ಅಮೆರಿಕ ತೊಂಬತ್ತರ ದಶಕದಲ್ಲಿ ರೆಡ್‌ವುಡ್ ಸಿಟಿಯಲ್ಲಿತ್ತು, ನಿಂಟೆಂಡೊ ಆಫ್ ಅಮೆರಿಕ ರೆಡ್ಮಂಡ್‌ನಲ್ಲಿದೆ, ಅಕ್ಲೈಮ್ ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡಿನ ಗ್ಲೆನ್ ಕೋವ್‌ನಲ್ಲಿತ್ತು. ಅಲ್ಲಿ ದುಡಿದವರು ನಿವೃತ್ತರಾಗುತ್ತಿದ್ದಾರೆ, ಮನೆ ಖಾಲಿ ಮಾಡುತ್ತಿದ್ದಾರೆ. ಡಬ್ಬಗಳು ಗ್ಯಾರೇಜ್ ಮಾರಾಟಕ್ಕೂ ದಾನದ ಅಂಗಡಿಗಳಿಗೂ ಇಳಿಯುವುದು ಆ ಸುತ್ತಲಿನಲ್ಲೇ. ಸನಿವೇಲ್, ರೆಡ್ಮಂಡ್ ಎಂದರೆ ನಮ್ಮವರಿಗೆ ಪರಿಚಯದ ಹೆಸರುಗಳು. ಅಲ್ಲಿ ನೆಲೆಸಿರುವ ಕನ್ನಡಿಗ ಓದುಗರಿಗೆ ವಾರಾಂತ್ಯದಲ್ಲಿ ದಾನದ ಅಂಗಡಿಯ ಎಲೆಕ್ಟ್ರಾನಿಕ್ ಕಪಾಟಿನ ಮುಂದೆ ಹತ್ತು ನಿಮಿಷ ನಿಲ್ಲುವುದಕ್ಕೆ ಇದೊಂದು ಒಳ್ಳೆಯ ನೆಪ.

ಹೆಜ್ಜೆ 3: ಜನರನ್ನು ಮಾತನಾಡಿಸಿ

ಆಟವನ್ನು ಮಾಡಿದವರ ಹೆಸರುಗಳು ಮೋಬಿಗೇಮ್ಸ್‌ನಂಥ ದತ್ತಕೋಶದಲ್ಲಿ, ಅದೇ ಸಂಸ್ಥೆಯ ಬಿಡುಗಡೆಯಾದ ಬೇರೆ ಆಟಗಳ ಕೊನೆಯ ಪರದೆಯಲ್ಲಿ ಸಿಗುತ್ತವೆ. ಜಪಾನಿನ ಆಟಗಳಲ್ಲಿ ಸಿಬ್ಬಂದಿಗೆ ಅಡ್ಡಹೆಸರು ಕೊಡುವ ರೂಢಿ ಇದ್ದುದರಿಂದ ಅಲ್ಲಿ ಹೆಚ್ಚು ತಾಳ್ಮೆ ಬೇಕು. ವೃತ್ತಿಸಂಬಂಧದ ಜಾಲತಾಣಗಳ ಮೂಲಕ ಬರೆಯುವುದು ಸಭ್ಯ ದಾರಿ. ಮನೆಯ ವಿಳಾಸ ಹುಡುಕಿ ಬಾಗಿಲು ತಟ್ಟುವುದು ಯಾವ ಕಾರಣಕ್ಕೂ ಬೇಡ.

ಮೊದಲ ಪತ್ರದಲ್ಲಿ ಕಾರ್ಟ್ರಿಜ್ ಎಂಬ ಪದವೇ ಬರಬಾರದು ಎಂದು ನಾನು ಹೇಳುತ್ತೇನೆ. ಹಲವರು ಒಪ್ಪುವುದಿಲ್ಲ, ಸಮಯ ವ್ಯರ್ಥ ಎನ್ನುತ್ತಾರೆ. ಆದರೆ ಮೂವತ್ತು ವರ್ಷದ ಹಿಂದೆ ರದ್ದಾದ ಕೆಲಸವೊಂದನ್ನು ಯಾರೋ ಅಪರಿಚಿತರು ಆಸಕ್ತಿಯಿಂದ ಕೇಳುತ್ತಿದ್ದಾರೆ ಎಂಬುದೇ ಆ ಎಂಜಿನಿಯರಿಗೆ ಸಂತೋಷದ ವಿಷಯ. 'ನಿಮ್ಮ ಹತ್ತಿರ ಇದೆಯೇ, ಎಷ್ಟಕ್ಕೆ ಕೊಡುತ್ತೀರಿ' ಎಂದು ಶುರುಮಾಡಿದ ಕೂಡಲೇ ಆ ಸಂತೋಷ ಅನುಮಾನವಾಗುತ್ತದೆ. ಪತ್ರದಲ್ಲಿ ನೀವು ಓದಿದ ನಿಯತಕಾಲಿಕದ ಪುಟವನ್ನು ಲಗತ್ತಿಸಿ. ಒಂದೆರಡು ನಿರ್ದಿಷ್ಟ ಪ್ರಶ್ನೆ ಕೇಳಿ: ಎಷ್ಟು ಹಂತಗಳು ಮುಗಿದಿದ್ದವು, ಸಂಗೀತ ಯಾರದು, ನಿಲ್ಲಿಸಲು ಹೇಳಿದವರು ಯಾರು. ಉತ್ತರ ಬಂದರೆ, ಎರಡನೆಯ ಅಥವಾ ಮೂರನೆಯ ಪತ್ರದಲ್ಲಿ ಆ ಕಾಲದ ಸಾಮಗ್ರಿ ಏನಾದರೂ ಉಳಿದಿದೆಯೇ ಎಂದು ವಿಚಾರಿಸಿ.

'ಸಾಮಗ್ರಿ' ಎಂದು ಕೇಳಲು ಕಾರಣವಿದೆ. ಕ್ರಿಸ್ ಓಬರ್ತ್ ಎಂಬ ಅಮೆರಿಕದ ಪ್ರೋಗ್ರಾಮರ್ 'ಡೇಸ್ ಆಫ್ ಥಂಡರ್' ಸಿನಿಮಾವನ್ನು ಆಧರಿಸಿ ಎನ್‌ಇಎಸ್ ಆಟವೊಂದನ್ನು ಮಾಡಿದ್ದರು. ಪ್ರಕಾಶಕರು ಬೇರೊಂದು ತಂಡದ ಆಟವನ್ನು ಬಿಡುಗಡೆ ಮಾಡಿದ್ದರಿಂದ ಅವರದು ಮೂಲೆ ಸೇರಿತು. ಓಬರ್ತ್ 2012ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಫ್ಲಾಪಿ ಡಿಸ್ಕ್‌ಗಳಲ್ಲಿದ್ದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಒಟ್ಟುಗೂಡಿಸಿ 2020ರಲ್ಲಿ ಆ ಆಟವನ್ನು ಮತ್ತೆ ಓಡಿಸಲಾಯಿತು. ಪತ್ತೆಗೆ ನೆರವಾದದ್ದು ಕಾರ್ಟ್ರಿಜ್ ಅಲ್ಲ, ಫ್ಲಾಪಿ. ನಿಂಟೆಂಡೊ 64ಕ್ಕೆಂದು ರೇರ್ ಸಂಸ್ಥೆ ಮಾಡುತ್ತಿದ್ದ 'ಡೈನೋಸಾರ್ ಪ್ಲಾನೆಟ್' ಕೂಡ ಹಾಗೆಯೇ: 2000ದ ಡಿಸೆಂಬರ್ ತಾರೀಕು ಹೊತ್ತ ಪ್ರತಿಯೊಂದು ಸ್ವೀಡನ್ನಿನ ಸಂಗ್ರಾಹಕರೊಬ್ಬರ ಬಳಿಯಿದ್ದ ಡಿಸ್ಕಿನಲ್ಲಿ ಸಿಕ್ಕಿ, 2021ರ ಫೆಬ್ರುವರಿಯಲ್ಲಿ ಹೊರಬಂತು. ಆದ್ದರಿಂದ ಫ್ಲಾಪಿ, ಸಿಡಿ, ಹಾರ್ಡ್ ಡಿಸ್ಕ್, ಮೇಳದಲ್ಲಿ ಚಿತ್ರೀಕರಿಸಿದ ವಿಎಚ್‌ಎಸ್ ಟೇಪು, ವಿನ್ಯಾಸದ ಕಾಗದ, ಪತ್ರಿಕೆಗಳಿಗೆ ಕಳುಹಿಸಿದ ಸ್ಲೈಡು ಎಲ್ಲವನ್ನೂ ವಿಚಾರಿಸಿ.

ತೀರಿಹೋದವರ ಕುಟುಂಬಕ್ಕೆ ಬರೆಯುವಾಗ ಇನ್ನಷ್ಟು ಎಚ್ಚರ ಬೇಕು. ಆ ಡಬ್ಬದಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಅದರ ಮಾರುಕಟ್ಟೆ ಬೆಲೆಯನ್ನು ಮರೆಮಾಚಿ ಪುಡಿಗಾಸಿಗೆ ಕೊಳ್ಳುವವರನ್ನು ಸಂಗ್ರಾಹಕರು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹೆಜ್ಜೆ 4: ಮಾರುಕಟ್ಟೆಯ ಮೇಲೆ ಕಣ್ಣು

ಇಬೇಯಲ್ಲಿ ಆಟದ ಹೆಸರಿನ ಜೊತೆಗೆ ಪ್ರೊಟೊಟೈಪ್, ಸ್ಯಾಂಪಲ್, ಇಪ್ರೋಮ್ (ಅಳಿಸಿ ಮತ್ತೆ ಬರೆಯಬಹುದಾದ ಚಿಪ್ಪು), ಬೀಟಾ, ಡೆಮೊ ಪದಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ಹುಡುಕಾಟವನ್ನು ಉಳಿಸಿಟ್ಟರೆ ಹೊಸದು ಬಂದಾಗ ಸೂಚನೆ ಬರುತ್ತದೆ. ಕಾಗುಣಿತ ತಪ್ಪಿದ ರೂಪಗಳನ್ನೂ ಸೇರಿಸಿ. ತನ್ನ ಕೈಯಲ್ಲಿರುವುದು ಏನೆಂದು ತಿಳಿಯದ ಮಾರಾಟಗಾರ ಹೆಸರನ್ನೂ ತಪ್ಪಾಗಿಯೇ ಬರೆದಿರುತ್ತಾನೆ. ಹಲವು ಕಾರ್ಟ್ರಿಜ್‌ಗಳನ್ನು ರಾಶಿಯಾಗಿ ಮಾರುವ ಚಿತ್ರಗಳನ್ನು ಹಿಗ್ಗಿಸಿ ನೋಡಿ. ಮುದ್ರಿತ ಲೇಬಲ್ ಇಲ್ಲದ, ಕೈಬರಹದ ಚೀಟಿ ಅಂಟಿಸಿದ ಒಂದು ಪೆಟ್ಟಿಗೆ ಆ ರಾಶಿಯ ಅಡಿಯಲ್ಲಿರಬಹುದು.

ಜಪಾನಿನ ಯಾಹೂ ಹರಾಜಿಗೆ ಹೊರದೇಶದಿಂದ ನೇರವಾಗಿ ಕೂಗುವುದು ಕಷ್ಟ. ಬಯೀ, ಜೆನ್‌ಮಾರ್ಕೆಟ್ ಮುಂತಾದ ಮಧ್ಯವರ್ತಿ ಸೇವೆಗಳು ಬೇಕಾಗುತ್ತವೆ. ಅಲ್ಲಿ ಉಪಯೋಗಕ್ಕೆ ಬರುವ ಪದಗಳು 'ಮಿಹಾತ್ಸುಬಾಯ್' ಅಂದರೆ ಬಿಡುಗಡೆಯಾಗದ್ದು, 'ಹಿಬಾಯ್‌ಹಿನ್' ಅಂದರೆ ಮಾರಾಟಕ್ಕಲ್ಲದ್ದು, 'ಸಂಪುರು' ಅಂದರೆ ಸ್ಯಾಂಪಲ್. ಇವುಗಳನ್ನು ಜಪಾನಿ ಲಿಪಿಯಲ್ಲಿ ಅನುವಾದ ತಂತ್ರಾಂಶದಿಂದ ಪಡೆದು ನಕಲಿಸಿಕೊಳ್ಳಿ. ಎನ್‌ಇಎಸ್‌ನ ಜಪಾನಿ ರೂಪವಾದ ಫ್ಯಾಮಿಕಾಮ್‌ನ ಕಾರ್ಟ್ರಿಜ್‌ಗೆ 60 ಪಿನ್ನು, ಪಶ್ಚಿಮದ ಎನ್‌ಇಎಸ್ ಕಾರ್ಟ್ರಿಜ್‌ಗೆ 72 ಪಿನ್ನು ಎಂಬುದು ನೆನಪಿರಲಿ. ಅಡಾಪ್ಟರ್ ಇಲ್ಲದೆ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ದೊಡ್ಡ ಹರಾಜು ಸಂಸ್ಥೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಡಲ್ಲಾಸ್‌ನ ಹೆರಿಟೇಜ್ ಆಕ್ಷನ್ಸ್‌ನಲ್ಲಿ ಸೋನಿ ಮತ್ತು ನಿಂಟೆಂಡೊ ಜೊತೆಗೂಡಿ ಮಾಡಿದ್ದ 'ನಿಂಟೆಂಡೊ ಪ್ಲೇಸ್ಟೇಷನ್' ಯಂತ್ರದ ಪ್ರೊಟೊಟೈಪ್ 3,60,000 ಡಾಲರಿಗೆ ಹೋಯಿತು. ಅಂಥ ಕಡೆ ಬರುವ ಹೊತ್ತಿಗೆ ಪತ್ತೆಯ ಕೆಲಸ ಮುಗಿದಿರುತ್ತದೆ, ಉಳಿದಿರುವುದು ಹಣದ ಆಟ.

ಇನ್ನು ನಮ್ಮ ನೆಲದ ಮಾತು. ತೊಂಬತ್ತರ ದಶಕದಲ್ಲಿ ಇಲ್ಲಿ ಟಿವಿಗೆ ಸಿಕ್ಕಿಸಿ ಆಡಿದ ವಿಡಿಯೊ ಗೇಮ್‌ಗಳಲ್ಲಿ ಬಹುಪಾಲು ಫ್ಯಾಮಿಕಾಮ್‌ನ ನಕಲುಗಳು. '9999 ಇನ್ 1' ಎಂದು ಬರೆದುಕೊಂಡು ಕೆಲವೇ ಆಟಗಳನ್ನು ಮತ್ತೆ ಮತ್ತೆ ತೋರಿಸುತ್ತಿದ್ದ ಆ ಕಾರ್ಟ್ರಿಜ್‌ಗಳಲ್ಲಿ ಪ್ರೊಟೊಟೈಪ್ ಸಿಗುವ ಸಂಭವ ಬಹಳ ಕಡಿಮೆ. ಪೂರ್ತಿ ಇಲ್ಲವೆಂದೂ ಹೇಳಲಾರೆ. 1999ರಲ್ಲಿ ಸೈಮನ್ ವಾಯ್ ಎಂಬ ಅಭಿಮಾನಿ 'ಸೋನಿಕ್ 2'ರ ಬಿಡುಗಡೆಪೂರ್ವ ಪ್ರತಿಯೊಂದನ್ನು ಚೀನೀ ಜಾಲಪುಟವೊಂದರಲ್ಲಿ ಕಂಡರು. ಅದೇ ಪ್ರತಿ ಹಿಂದೆ ಕಳ್ಳ ಕಾರ್ಟ್ರಿಜ್‌ಗಳಲ್ಲಿಯೂ ಮಾರಾಟವಾಗಿತ್ತು. ಅಜ್ಜಿಯ ಮನೆಯ ಅಟ್ಟದಲ್ಲಿರುವ ಹಳದಿ ಕಾರ್ಟ್ರಿಜ್ ಅನ್ನು ಗುಜರಿಗೆ ಹಾಕುವ ಮೊದಲು ಅದರ ದತ್ತಾಂಶವನ್ನು ತೆಗೆದಿಡುವುದರಿಂದ ನಷ್ಟವೇನೂ ಇಲ್ಲ.

ಹೆಜ್ಜೆ 5: ಹಣ ಕೊಡುವ ಮೊದಲು ಒಳಗನ್ನು ನೋಡಿ

ಇಲ್ಲಿ ನಿಧಾನಿಸಬೇಕು, ಯಾಕೆಂದರೆ ಮೋಸ ನಡೆಯುವುದು ಇಲ್ಲಿಯೇ. ಲೇಬಲ್ಲಿಗೆ ಬೆಲೆಯಿಲ್ಲ; ಹಳೆಯ ಕಾಗದದ ಮೇಲೆ 'ಸ್ಯಾಂಪಲ್' ಎಂದು ಯಾರು ಬೇಕಾದರೂ ಬರೆಯಬಹುದು. ಒಳಗಿನ ಸರ್ಕ್ಯೂಟ್ ಫಲಕದ ಎರಡೂ ಬದಿಯ ಸ್ಪಷ್ಟ ಚಿತ್ರಗಳನ್ನು ಕೇಳಿ. ಕೊಡುವುದಿಲ್ಲ ಎಂದರೆ ವ್ಯಾಪಾರ ಬಿಡಿ. ನಿಂಟೆಂಡೊ ಕಾರ್ಟ್ರಿಜ್‌ನ ತಿರುಪು ತೆಗೆಯಲು 3.8 ಮಿಲಿಮೀಟರಿನ 'ಗೇಮ್‌ಬಿಟ್' ಎಂಬ ವಿಶೇಷ ತಿರುಪುಳಿ ಸಾಕು, ಅದು ಅಗ್ಗವಾಗಿ ಸಿಗುತ್ತದೆ. ಆದ್ದರಿಂದ 'ತೆರೆಯಲು ಬರುವುದಿಲ್ಲ' ಎಂಬ ನೆಪ ನಿಲ್ಲುವುದಿಲ್ಲ.

ಅಂಗಡಿಯ ಕಾರ್ಟ್ರಿಜ್‌ನಲ್ಲಿ ಇರುವುದು ಕಾರ್ಖಾನೆಯಲ್ಲೇ ಅಚ್ಚೊತ್ತಿದ ಮಾಸ್ಕ್ ರೋಮ್. ಪ್ರೊಟೊಟೈಪ್‌ನಲ್ಲಿ ಸಾಮಾನ್ಯವಾಗಿ ಇಪ್ರೋಮ್ ಚಿಪ್ಪುಗಳಿರುತ್ತವೆ: ನಡುವೆ ಪುಟ್ಟ ಗಾಜಿನ ಕಿಟಕಿ, ಅದರ ಮೇಲೊಂದು ಚೀಟಿ. ನೇರಳಾತೀತ ಬೆಳಕು ಬಿದ್ದರೆ ಅಳಿಸಿಹೋಗುವ, ಮತ್ತೆ ಬರೆಯಬಹುದಾದ ಚಿಪ್ಪು ಅದು. ಎನ್‌ಇಎಸ್‌ನಲ್ಲಿ ಪ್ರೋಗ್ರಾಮಿಗೆ ಒಂದು, ಚಿತ್ರಗಳಿಗೆ ಒಂದು ಎಂದು ಎರಡು ಚಿಪ್ಪುಗಳು ಕಾಣಬಹುದು. ಸೆಗಾದ ಮೆಗಾ ಡ್ರೈವ್ ಯಂತ್ರದ ಕಾರ್ಟ್ರಿಜ್‌ನಲ್ಲಿ ಸಮ ಬೈಟು, ಬೆಸ ಬೈಟು ಎಂದು ಹಂಚಿಕೊಂಡಿರುವುದುಂಟು. 128 ಕಿಲೋಬೈಟಿನ ಇಪ್ರೋಮ್‌ಗೆ 32 ಪಿನ್ನು, ಅದೇ ಗಾತ್ರದ ನಿಂಟೆಂಡೊ ಮಾಸ್ಕ್ ರೋಮ್‌ಗೆ 28 ಪಿನ್ನು. ಹಾಗಾಗಿ ನಿಂಟೆಂಡೊ ಇಪ್ರೋಮ್‌ಗೆಂದೇ ಬೇರೆ ಫಲಕಗಳನ್ನು ಮಾಡಿತ್ತು. ಫಲಕದ ಮೇಲಿನ ಹೆಸರಿನಲ್ಲೇ ಇಪ್ರೋಮ್ ಎಂದು ಅಚ್ಚಾಗಿರುವುದುಂಟು. ಸಾಮಾನ್ಯ ಆಟದ ಫಲಕವನ್ನು ಕೊಯ್ದು ಸಣ್ಣ ತಂತಿಗಳನ್ನು ಬೆಸೆದಿದ್ದರೆ ಅದು ನಕಲಿಯೇ ಎಂದಲ್ಲ. ಕೆಲವು ಸಣ್ಣ ಸಂಸ್ಥೆಗಳು ಹಾಗೆಯೇ ಮಾಡುತ್ತಿದ್ದವು. ಆದರೆ ಅನುಮಾನ ಒಂದು ಮೆಟ್ಟಿಲು ಏರಲಿ.

ಚಿಪ್ಪಿನ ಮೇಲಿನ ನಾಲ್ಕಂಕಿಯ ತಾರೀಕು ಸಂಕೇತವನ್ನು ಓದಿ. '9104' ಎಂದಿದ್ದರೆ 1991ರ ನಾಲ್ಕನೆಯ ವಾರ. ಆಟ ರದ್ದಾದ ವರ್ಷಕ್ಕಿಂತ ಚಿಪ್ಪು ಹೊಸದಾಗಿದ್ದರೆ ಕಥೆ ಅಲ್ಲಿಗೇ ಕುಸಿಯುತ್ತದೆ. ಚಿಪ್ಪು ಹಳೆಯದಾಗಿದ್ದ ಮಾತ್ರಕ್ಕೆ ಅಸಲಿ ಎಂದಾಗದು. ಹಳೆಯ ಖಾಲಿ ಇಪ್ರೋಮ್‌ಗಳು ಇಂದಿಗೂ ಸಿಗುತ್ತವೆ.

ಅಂತಿಮ ಪರೀಕ್ಷೆ ದತ್ತಾಂಶದ್ದು. ಅದನ್ನು ಹೆಕ್ಸ್ ಸಂಪಾದಕದಲ್ಲಿ, ಅಂದರೆ ಫೈಲಿನ ಒಂದೊಂದು ಬೈಟನ್ನೂ ತೋರಿಸುವ ತಂತ್ರಾಂಶದಲ್ಲಿ, ತೆರೆದಾಗ ಆರಂಭದಲ್ಲೇ ಇಂಗ್ಲಿಷಿನ ಎನ್, ಇ, ಎಸ್ ಅಕ್ಷರಗಳೂ ಅದರ ಹಿಂದೆಯೇ 1ಎ ಎಂಬ ಬೈಟೂ ಕಂಡರೆ ನಗುತ್ತಾ ಎದ್ದುಬನ್ನಿ. ಅದು ಎಮ್ಯುಲೇಟರ್ (ಹಳೆಯ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶ) ಫೈಲುಗಳಿಗೆಂದು ಅಭಿಮಾನಿಗಳು ಸೇರಿಸಿದ 16 ಬೈಟಿನ ತಲೆಬರಹ. 1991ರ ಯಾವ ಎಂಜಿನಿಯರೂ ಅದನ್ನು ಚಿಪ್ಪಿಗೆ ಬರೆದಿರಲಾರ. ಯಾರೋ ಅಂತರ್ಜಾಲದಿಂದ ಇಳಿಸಿದ ಫೈಲನ್ನು ಹಾಗೆಯೇ ಚಿಪ್ಪಿಗೆ ಬರೆದಿದ್ದಾರೆ. ಮೆಗಾ ಡ್ರೈವ್ ಆಟವಾದರೆ ಹೆಕ್ಸ್ 100ರ ಸ್ಥಾನದಿಂದ ಯಂತ್ರದ ಹೆಸರು, ಹಕ್ಕುದಾರರು, ವರ್ಷ, ತಿಂಗಳು ಬರೆದಿರುತ್ತವೆ. ನಿಮ್ಮ ಕಡತದ ತಾರೀಕುಗಳೊಂದಿಗೆ ಅದು ಹೊಂದುತ್ತದೆಯೇ ನೋಡಿ. ಮೊದಲ ಹೆಜ್ಜೆಯ ಕಾಗದ ಕೆಲಸ ಇಲ್ಲಿ ಕೈಹಿಡಿಯುತ್ತದೆ: ನಿಯತಕಾಲಿಕದ ಚಿತ್ರದಲ್ಲಿರುವ ಪರದೆ ಈ ಪ್ರತಿಯಲ್ಲಿದೆಯೇ, ಅಥವಾ ಅದಕ್ಕಿಂತ ಹಿಂದಿನ ಹಂತವೇ, ಮುಂದಿನದೇ?

ಅನುಮಾನವೂ ಅತಿಯಾಗಬಾರದು. ಜಪಾನಿನಲ್ಲಿ 1989ರಲ್ಲಿ ಬಂದ 'ಮದರ್' ಆಟದ ಇಂಗ್ಲಿಷ್ ಎನ್‌ಇಎಸ್ ಪ್ರೊಟೊಟೈಪ್ 1998ರಲ್ಲಿ ಹೊರಬಂದಾಗ ಇದು ಅಭಿಮಾನಿಗಳ ಕೈಚಳಕ ಎಂದು ವಾದಿಸಿದವರು ಬಹಳ. ಅನುವಾದದ ಹೊಣೆ ಹೊತ್ತಿದ್ದ ಫಿಲ್ ಸ್ಯಾಂಡಾಪ್ ಅದು ತಮ್ಮದೇ ಕೆಲಸ ಎಂದು ದೃಢಪಡಿಸಿದ ಮೇಲೆ ವಾದ ತಣ್ಣಗಾಯಿತು. 2015ರಲ್ಲಿ ನಿಂಟೆಂಡೊ 'ಅರ್ತ್‌ಬೌಂಡ್ ಬಿಗಿನಿಂಗ್ಸ್' ಎಂಬ ಹೆಸರಿನಲ್ಲಿ ತಾನೇ ಅದನ್ನು ವೀ ಯು ಯಂತ್ರಕ್ಕೆ ಬಿಡುಗಡೆ ಮಾಡಿತು.

ಹೆಜ್ಜೆ 6: ಕೈಗೆ ಬಂದ ಮೇಲೆ, ಆಡುವ ಮೊದಲು

ಕಾರ್ಟ್ರಿಜ್ ಸಿಕ್ಕ ಸಂಭ್ರಮದಲ್ಲಿ ಯಂತ್ರಕ್ಕೆ ತುರುಕಬೇಡಿ. ಇಪ್ರೋಮ್‌ನಲ್ಲಿ ದತ್ತಾಂಶ ನಿಂತಿರುವುದು ಸಣ್ಣ ಸಣ್ಣ ಕೋಶಗಳಲ್ಲಿ ಸಿಕ್ಕಿಬಿದ್ದ ವಿದ್ಯುದಂಶದ ರೂಪದಲ್ಲಿ. ವರ್ಷಗಳು ಕಳೆದಂತೆ ಅದು ಸೋರುತ್ತದೆ. ಮೂವತ್ತು ದಾಟಿದ ಚಿಪ್ಪುಗಳಲ್ಲಿ ಒಂದೆರಡು ಬಿಟ್‌ಗಳು ಆಗಲೇ ಡೋಲಾಯಮಾನವಾಗಿರಬಹುದು. ಕಿಟಕಿಯ ಚೀಟಿಯನ್ನು ಕೀಳಬೇಡಿ: ತೆರೆದ ಕಿಟಕಿಯ ಚಿಪ್ಪು ನೇರ ಬಿಸಿಲಿನಲ್ಲಿ ಒಂದು ವಾರದಲ್ಲಿ ಅಳಿಸಿಹೋಗಬಹುದೆಂದು ತಯಾರಕರ ಕೈಪಿಡಿಗಳೇ ಹೇಳುತ್ತವೆ. ಅಂಟು ಒಣಗಿ ಚೀಟಿ ಕಳಚುತ್ತಿದ್ದರೆ, ಛಾಯಾಚಿತ್ರ ತೆಗೆದುಕೊಂಡು ಅದರ ಮೇಲೆಯೇ ಬೆಳಕು ತೂರದ ಇನ್ನೊಂದು ಪಟ್ಟಿ ಅಂಟಿಸಿ.

ಎಲ್ಲವನ್ನೂ ಚಿತ್ರ ತೆಗೆಯಿರಿ. ಹೊರಕವಚ, ಕೈಬರಹ, ಫಲಕದ ಎರಡೂ ಬದಿ, ಪ್ರತಿ ಚಿಪ್ಪಿನ ಅಕ್ಷರಗಳು. ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಬಾಯಿಯಿಂದ ಊದುವ ಹಳೆಯ ಅಭ್ಯಾಸವನ್ನು ಮಾತ್ರ ಬಿಟ್ಟುಬಿಡಿ, ಉಗುಳಿನ ತೇವದಿಂದ ಪಿನ್ನು ಹಾಳಾಗುತ್ತದೆ.

ದತ್ತಾಂಶವನ್ನು ಹೊರತೆಗೆಯುವುದಕ್ಕೆ ಡಂಪ್ ಮಾಡುವುದು ಎನ್ನುತ್ತಾರೆ. ಇದಕ್ಕೆ ಸಾನಿ ಕಾರ್ಟ್ ರೀಡರ್, ಐಎನ್‌ಎಲ್ ರೆಟ್ರೊ, ಗೇಮ್ ಬಾಯ್‌ಗೆ ಜಿಬಿಎಕ್ಸ್‌ಕಾರ್ಟ್ ಮುಂತಾದ ಸಾಧನಗಳಿವೆ. ಚಿಪ್ಪುಗಳು ಸಾಕೆಟ್ಟಿನಲ್ಲಿ ಕೂತಿದ್ದರೆ ಮೆಲ್ಲಗೆ ಎತ್ತಿ ಟಿಎಲ್866 ರೀತಿಯ ಪ್ರೋಗ್ರಾಮರ್‌ನಲ್ಲಿ (ಚಿಪ್ಪನ್ನು ಓದುವ, ಬರೆಯುವ ಸಾಧನ) ಓದಬಹುದು. ಬೆಸುಗೆ ಹಾಕಿದ್ದರೆ ಕೈಹಾಕಬೇಡಿ. ಪ್ರೋಗ್ರಾಮರ್‌ನಲ್ಲಿ 'ಓದು' ಮತ್ತು 'ಬರೆ' ಗುಂಡಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಹಾಗಾಗಿ ಮೊದಲು ಬೆಲೆಯಿಲ್ಲದ ಚಿಪ್ಪಿನ ಮೇಲೆ ಕೈಪಳಗಿಸಿಕೊಳ್ಳಿ. ವೋಲ್ಟೇಜು ಸರಿಯಿದೆಯೇ ಎಂದು ಎರಡು ಸಲ ನೋಡಿ: ಎನ್‌ಇಎಸ್, ಸೂಪರ್ ಎನ್‌ಇಎಸ್, ಮೆಗಾ ಡ್ರೈವ್ 5 ವೋಲ್ಟ್, ಗೇಮ್ ಬಾಯ್ ಅಡ್ವಾನ್ಸ್, ನಿಂಟೆಂಡೊ 64 ಎಂದರೆ 3.3 ವೋಲ್ಟ್.

ಒಮ್ಮೆ ಓದಿದರೆ ಸಾಲದು. ಹಲವು ಬಾರಿ ಓದಿ, ಪ್ರತಿ ಫೈಲಿನ ಸಿಆರ್‌ಸಿ32 ಮತ್ತು ಎಸ್‌ಎಚ್‌ಎ-1 ಮೊತ್ತಗಳನ್ನು, ಅಂದರೆ ಫೈಲಿನ ಬೈಟುಗಳಿಂದ ಲೆಕ್ಕ ಹಾಕುವ ಗುರುತು ಸಂಖ್ಯೆಗಳನ್ನು, ಹೋಲಿಸಿ. ಎಲ್ಲವೂ ಒಂದೇ ಬಂದರೆ ನೆಮ್ಮದಿ. ಬೇರೆ ಬೇರೆ ಬಂದರೆ ಯಾವ ಬೈಟು ಓಲಾಡುತ್ತಿದೆ ಎಂದು ಗುರುತಿಸಿ, ಫೈಲುಗಳನ್ನೆಲ್ಲ ಉಳಿಸಿಕೊಂಡು ಅನುಭವಿಗಳ ನೆರವು ಕೇಳಿ. ವೋಲ್ಟೇಜನ್ನು ತುಸು ಏರಿಳಿಸಿ ಓದುವ ವಿಧಾನ ಅವರಿಗೆ ಗೊತ್ತಿರುತ್ತದೆ. ಫಲಕದಲ್ಲಿ ಬ್ಯಾಟರಿ ಇದ್ದರೆ ಅದನ್ನು ತೆಗೆಯುವ ಮೊದಲು ಉಳಿಸಿದ ಆಟದ ದತ್ತಾಂಶವನ್ನೂ ಇಳಿಸಿಕೊಳ್ಳಿ. ಪರೀಕ್ಷಕರು ಎಷ್ಟು ದೂರ ಆಡಿದ್ದರು, ಯಾವ ಹೆಸರು ಕೊಟ್ಟಿದ್ದರು ಎಂಬುದು ಅಲ್ಲಿ ಇನ್ನೂ ಉಳಿದಿರಬಹುದು.

ಭಾರತಕ್ಕೆ ತರಿಸಿಕೊಳ್ಳುವವರಿಗೆ ನನ್ನ ಸಲಹೆ: ಸಾಧ್ಯವಾದರೆ ಹಡಗೋ ವಿಮಾನವೋ ಹತ್ತುವ ಮೊದಲೇ ಅಲ್ಲಿಯೇ ಡಂಪ್ ಮಾಡಿಸಿ. ಕಸ್ಟಮ್ಸ್ ಸುಂಕವನ್ನು ವಸ್ತುವಿನ ಬೆಲೆಗೆ ಸಾಗಣೆ, ವಿಮೆಗಳನ್ನು ಸೇರಿಸಿ ಲೆಕ್ಕ ಹಾಕುತ್ತಾರೆ. ಬಳಸಿದ ವಸ್ತುವಿನ ಆಮದು ನಿಯಮಗಳನ್ನು ಕೊರಿಯರ್ ಸಂಸ್ಥೆಯಲ್ಲಿ ಮೊದಲೇ ವಿಚಾರಿಸಿ. ಸುಂಕ ಉಳಿಸಲು ಬೆಲೆ ಕಡಿಮೆ ಬರೆಸಿದರೆ ಪೊಟ್ಟಣ ಕಳೆದಾಗ ವಿಮೆಯೂ ಅಷ್ಟಕ್ಕೇ ನಿಲ್ಲುತ್ತದೆ.

ಹೆಜ್ಜೆ 7: ಹಂಚುವುದು, ಮಾರುವುದು, ಬಚ್ಚಿಡುವುದು

ಕಾರ್ಟ್ರಿಜ್ ನಿಮ್ಮದಾದರೂ ಆಟದ ಕೃತಿಸ್ವಾಮ್ಯ ನಿಮ್ಮದಾಗುವುದಿಲ್ಲ. ಕೆಲವು ಪ್ರತಿಗಳ ಮೇಲೆ ಇದು ಕಂಪನಿಯ ಸ್ವತ್ತು, ಹಿಂದಿರುಗಿಸಬೇಕು ಎಂದೇ ಬರೆದಿರುತ್ತದೆ. ದತ್ತಾಂಶವನ್ನು ಬಹಿರಂಗಪಡಿಸುವುದು ಕಾನೂನಿನ ಬೂದು ಪ್ರದೇಶವೂ ಅಲ್ಲ, ಹಕ್ಕುದಾರರು ಸುಮ್ಮನಿರುವವರೆಗೆ ನಡೆಯುವ ವ್ಯವಹಾರ. ಈ ಅಪಾಯ ಬೇಡವೆನ್ನುವವರು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್‌ಗೆ ಅಥವಾ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನ ದ ಸ್ಟ್ರಾಂಗ್ ವಸ್ತುಸಂಗ್ರಹಾಲಯಕ್ಕೆ ಬರೆದು ಸಲಹೆ ಕೇಳಬಹುದು.

ಡಂಪ್ ಹೊರಬಂದರೆ ತನ್ನ ಕಾರ್ಟ್ರಿಜ್‌ನ ಬೆಲೆ ಬೀಳುತ್ತದೆ ಎಂಬ ಭಯ ಸಂಗ್ರಾಹಕರಲ್ಲಿ ಗಟ್ಟಿಯಾಗಿದೆ. ಅಂಥವರ ಬಳಿ ಇರುವ ಪ್ರತಿಯ ಬಗ್ಗೆ ವಾದಕ್ಕಿಳಿದು ಪ್ರಯೋಜನವಿಲ್ಲ, ಒಪ್ಪಂದಕ್ಕೆ ದಾರಿ ಹುಡುಕಿ. ಮುನ್ನೆಚ್ಚರಿಕೆಯ ನಕಲಾಗಿ ಡಂಪ್ ಮಾಡಿ, ಒಪ್ಪಿದ ಅವಧಿಯವರೆಗೆ ಗುಟ್ಟಾಗಿಡುವುದು ಒಂದು ದಾರಿ. ಅಭಿಮಾನಿಗಳು ಕೂಡಿ ಹಣ ಹಾಕುವುದು ಇನ್ನೊಂದು: ಗೇಮ್ ಬಾಯ್ ಕಲರ್‌ಗೆಂದು ಮಾಡಿ ಕೈಬಿಟ್ಟ 'ರೆಸಿಡೆಂಟ್ ಈವಿಲ್'ನ ಪ್ರತಿಯ ಒಡೆಯರು 2,000 ಡಾಲರ್ ಕೇಳಿದಾಗ ಜನರೇ ಅದನ್ನು ಒಟ್ಟುಗೂಡಿಸಿದರು, 2012ರಲ್ಲಿ ಆಟ ಎಲ್ಲರಿಗೂ ಸಿಕ್ಕಿತು. ಹೀಗೆ ಹಣ ಸೇರಿಸುವಾಗ ಅದು ಇಬ್ಬರೂ ನಂಬುವ ಮೂರನೆಯವರ ಬಳಿ ಇರಬೇಕು; ಡಂಪ್ ಪರಿಶೀಲನೆಯಾದ ಮೇಲಷ್ಟೇ ಬಿಡುಗಡೆಯಾಗಬೇಕು ಎಂದು ಬರೆದುಕೊಳ್ಳಿ.

ಕೊನೆಯದಾಗಿ, ಫೈಲಿನ ಜೊತೆಗೆ ಒಂದು ಪುಟದ ದಾಖಲೆ ಬರೆಯಿರಿ: ಪ್ರತಿ ಎಲ್ಲಿಂದ ಬಂತು, ಮೊದಲು ಯಾವ ಕೆಲಸದಲ್ಲಿದ್ದವರ ಬಳಿ ಇತ್ತು, ಚಿಪ್ಪುಗಳ ತಾರೀಕು, ಓದಿದ ಸಾಧನ, ಮೊತ್ತಗಳು, ಫಲಕದ ಚಿತ್ರಗಳು. ಹೆಸರು ಹೇಳಬಾರದೆಂದು ಕೊಟ್ಟವರು ಕೇಳಿದ್ದರೆ 'ಮಾಜಿ ಪರೀಕ್ಷಕರು', 'ಮಾಜಿ ಪತ್ರಕರ್ತರು' ಎಂದಷ್ಟೇ ಬರೆಯಿರಿ. ಕಾರ್ಟ್ರಿಜ್ ಅನ್ನು ಮುಂದೆ ಮಾರಿದರೂ ಆ ಪುಟದ ಒಂದು ಪ್ರತಿ ಅದರ ಜೊತೆಗೇ ಹೋಗಲಿ, ಇನ್ನೊಂದು ನಿಮ್ಮ ಕಡತದಲ್ಲಿರಲಿ.